ಬರೆದ ನಿಯಮ, ನಡೆಯುವ ನಿಯಮ

ನಿಯಮವನ್ನು ರೂಪಿಸುವುದು ಒಂದು ಕಾರ್ಯ. ಅದು ಆಚರಣೆಯಲ್ಲಿದೆಯೇ ಎಂದು ಕಂಡುಕೊಳ್ಳುವುದು ಇನ್ನೊಂದು ಕಾರ್ಯ. ಮೊದಲನೆಯದು ಮುಗಿದೊಡನೆ ಎರಡನೆಯದೂ ಮುಗಿಯಿತೆಂದು ಭಾವಿಸುವುದು ಮನುಷ್ಯನ ಸಹಜ ದೌರ್ಬಲ್ಯ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆಳಿದ ಅಶೋಕ ಚಕ್ರವರ್ತಿಯು ಈ ದೌರ್ಬಲ್ಯವನ್ನು ಚೆನ್ನಾಗಿ ಅರಿತಿದ್ದನು. ಅವನು ತನ್ನ ಆಜ್ಞೆಗಳನ್ನು ಬಂಡೆಗಳ ಮೇಲೆ ಕೊರೆಯಿಸಿದನು. ಕರ್ನಾಟಕದ ಮಸ್ಕಿ, ಬ್ರಹ್ಮಗಿರಿ, ಸನ್ನತಿ ಮೊದಲಾದ ಸ್ಥಳಗಳಲ್ಲಿಯೂ ಅವನ ಶಾಸನಗಳು ದೊರೆತಿವೆ. ಕಲ್ಲಿನಲ್ಲಿ ಕೊರೆದ ಮಾತು ಸುಲಭವಾಗಿ ಅಳಿಯುವುದಿಲ್ಲ. ಆದರೂ ಅಷ್ಟಕ್ಕೇ ಅವನು ತೃಪ್ತನಾಗಲಿಲ್ಲ. ಯಾರನ್ನೂ ಅಕಾರಣವಾಗಿ ಸೆರೆಯಲ್ಲಿಡಬಾರದೆಂದು ನಗರದ ನ್ಯಾಯಾಧಿಕಾರಿಗಳಿಗೆ ಆಜ್ಞಾಪಿಸಿದ ಧೌಲಿಯ ಶಾಸನದಲ್ಲಿಯೇ, ಅದರಂತೆ ನಡೆಯುತ್ತಿದೆಯೇ ಎಂದು ನೋಡಿಬರಲು ಐದು ವರ್ಷಗಳಿಗೊಮ್ಮೆ ಸೌಮ್ಯ ಸ್ವಭಾವದ ಅಧಿಕಾರಿಯೊಬ್ಬನನ್ನು ಕಳುಹಿಸುವುದಾಗಿಯೂ ಅವನು ಸಾರಿದ್ದಾನೆ. ಆಜ್ಞೆಯ ಜೊತೆಯಲ್ಲಿಯೇ ಪರಿಶೀಲನೆಯ ಏರ್ಪಾಡೂ ಇರಬೇಕೆಂಬ ವಿವೇಕ ಇಲ್ಲಿ ಎದ್ದು ಕಾಣುತ್ತದೆ.

ಇಂದಿನ ಆಡಳಿತದಲ್ಲಿ ಆಜ್ಞೆಗಳು ಮನುಷ್ಯರಿಗೆ ಮಾತ್ರವಲ್ಲ, ಯಂತ್ರಗಳಿಗೂ ಹೋಗುತ್ತವೆ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾನಿಲಯ, ಸರ್ಕಾರಿ ಕಚೇರಿ - ಎಲ್ಲಿ ನೋಡಿದರೂ ನೂರಾರು ಗಣಕಯಂತ್ರಗಳು ಒಂದೇ ಜಾಲದಲ್ಲಿ ಸೇರಿಕೊಂಡಿರುತ್ತವೆ. ಇಂತಹ ಜಾಲದಲ್ಲಿ ಪ್ರತಿಯೊಂದು ಯಂತ್ರವೂ ತನಗೆ ತೋಚಿದಂತೆ ಇರಲು ಬಿಟ್ಟರೆ ಭದ್ರತೆ ಉಳಿಯದು. ಗುಪ್ತಪದವು ಇಷ್ಟು ಅಕ್ಷರಗಳಿಗಿಂತ ಚಿಕ್ಕದಾಗಿರಬಾರದು. ಕೆಲಸವಿಲ್ಲದೆ ಹತ್ತು ನಿಮಿಷ ಕಳೆದರೆ ತೆರೆಗೆ ತಾನಾಗಿಯೇ ಬೀಗ ಬೀಳಬೇಕು. ಹೊರಗಿನಿಂದ ತಂದ ಪೆನ್ ಡ್ರೈವನ್ನು ಯಂತ್ರವು ಒಪ್ಪಿಕೊಳ್ಳಬಾರದು. ಭದ್ರತೆಯ ತಿದ್ದುಪಡಿಗಳು ಬಂದೊಡನೆ ಸ್ಥಾಪಿತವಾಗಬೇಕು - ಇಂತಹ ಕಟ್ಟಳೆಗಳಿಗೆ ಪಾಲಿಸಿ ಅಥವಾ ನೀತಿನಿಯಮಗಳೆಂದು ಹೆಸರು. ಯಂತ್ರಕ್ಕೆ ಮರೆವಿಲ್ಲ, ಆಲಸ್ಯವಿಲ್ಲ. ಹಾಗಾದರೆ ಅದಕ್ಕೆ ಕೊಟ್ಟ ಆಜ್ಞೆಯನ್ನೂ ಪರಿಶೀಲಿಸಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ದೊರೆಯಬೇಕಾದರೆ, ಆ ಆಜ್ಞೆಯು ಯಂತ್ರವನ್ನು ಮುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು.

ಮೈಕ್ರೋಸಾಫ್ಟ್ ಸಂಸ್ಥೆಯು 2000ನೆಯ ಇಸವಿಯ ಫೆಬ್ರುವರಿಯಲ್ಲಿ ವಿಂಡೋಸ್ 2000 ಎಂಬ ಕಾರ್ಯವ್ಯವಸ್ಥೆಯನ್ನು ಹೊರತಂದಿತು. ಅದರೊಡನೆ ಗ್ರೂಪ್ ಪಾಲಿಸಿ ಎಂಬ ಏರ್ಪಾಡೂ ಬಳಕೆಗೆ ಬಂದಿತು. ಈ ಏರ್ಪಾಡಿನಲ್ಲಿ ಸಂಸ್ಥೆಯ ಎಲ್ಲ ಗಣಕಯಂತ್ರಗಳ ಮತ್ತು ಬಳಕೆದಾರರ ಹೆಸರುಗಳು ಒಂದು ಕೇಂದ್ರ ದಾಖಲೆಯಲ್ಲಿರುತ್ತವೆ. ಇವರೆಲ್ಲರೂ ಸೇರಿದ ಆಡಳಿತ ಕ್ಷೇತ್ರಕ್ಕೆ ಡೊಮೇನ್ ಎಂದು ಹೆಸರು. ಆ ದಾಖಲೆಯನ್ನು ಕಾಯುವ ಯಂತ್ರವೇ ಡೊಮೇನ್ ಕಂಟ್ರೋಲರ್. ಇದನ್ನು ಕೇಂದ್ರಯಂತ್ರವೆಂದು ಕರೆಯಬಹುದು. ಆಡಳಿತಗಾರನು ನಿಯಮಗಳನ್ನು ಕೇಂದ್ರಯಂತ್ರದಲ್ಲಿ ಬರೆದಿಡುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಕೇಂದ್ರಯಂತ್ರವು ಸಾಮಾನ್ಯವಾಗಿ ನಿಯಮವನ್ನು ತಾನೇ ಹೊತ್ತುಕೊಂಡು ಹೋಗಿ ಎಲ್ಲ ಯಂತ್ರಗಳ ಮೇಲೆ ಹೇರುವುದಿಲ್ಲ. ಪ್ರತಿಯೊಂದು ಯಂತ್ರವೂ ತಾನಾಗಿಯೇ ಕೇಂದ್ರದ ಬಳಿಗೆ ಹೋಗಿ, ತನಗೆ ಅನ್ವಯಿಸುವ ನಿಯಮಗಳು ಯಾವುವೆಂದು ವಿಚಾರಿಸಿ, ಅವುಗಳನ್ನು ಓದಿ ತಂದು ತನ್ನಲ್ಲಿ ಜಾರಿಗೆ ಕೊಡುತ್ತದೆ. ಯಂತ್ರಕ್ಕೆ ಸಂಬಂಧಿಸಿದ ನಿಯಮಗಳು ಅದನ್ನು ಚಾಲನೆಗೊಳಿಸಿದಾಗಲೂ, ಬಳಕೆದಾರನಿಗೆ ಸಂಬಂಧಿಸಿದವು ಅವನು ಒಳಗೆ ಪ್ರವೇಶಿಸಿದಾಗಲೂ ಜಾರಿಯಾಗುತ್ತವೆ. ಅನಂತರ ಸಾಮಾನ್ಯವಾಗಿ ತೊಂಬತ್ತು ನಿಮಿಷಗಳಿಗೊಮ್ಮೆ ಯಂತ್ರವು ಮತ್ತೆ ವಿಚಾರಿಸುತ್ತದೆ. ಈ ಅವಧಿಗೆ ಮೂವತ್ತು ನಿಮಿಷಗಳವರೆಗಿನ ಅನಿಯತ ವಿಳಂಬವನ್ನೂ ಸೇರಿಸಲಾಗಿದೆ. ಎಲ್ಲ ಯಂತ್ರಗಳೂ ಒಂದೇ ಕ್ಷಣದಲ್ಲಿ ಕೇಂದ್ರಕ್ಕೆ ಮುತ್ತಿಗೆ ಹಾಕದಿರಲೆಂಬುದೇ ಇದರ ಉದ್ದೇಶ.

ಒಂದು ಯಂತ್ರಕ್ಕೆ ನಿಯಮಗಳು ಒಂದೇ ಕಡೆಯಿಂದ ಬರುವುದಿಲ್ಲ. ನಾಲ್ಕು ಹಂತಗಳಿಂದ ಬರುತ್ತವೆ. ಮೊದಲನೆಯದು ಆ ಯಂತ್ರದಲ್ಲಿಯೇ ಬರೆದಿರುವ ಸ್ಥಳೀಯ ನಿಯಮ. ಎರಡನೆಯದು ಅದು ಇರುವ ನೆಲೆಯ ನಿಯಮ. ಮೂರನೆಯದು ಇಡೀ ಡೊಮೇನಿನ ನಿಯಮ. ನಾಲ್ಕನೆಯದು ಅದು ಸೇರಿರುವ ವಿಭಾಗದ ನಿಯಮ. ಇದೇ ಕ್ರಮದಲ್ಲಿ ಅವು ಒಂದಾದ ಮೇಲೊಂದರಂತೆ ಅನ್ವಯವಾಗುತ್ತವೆ. ಎರಡು ನಿಯಮಗಳು ಪರಸ್ಪರ ವಿರುದ್ಧವಾದರೆ ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಡೊಮೇನ್ ಹಂತದಲ್ಲಿ ತೆರೆಯ ಬೀಗಕ್ಕೆ ಹತ್ತು ನಿಮಿಷವೆಂದು ಬರೆದು, ಲೆಕ್ಕಪತ್ರ ವಿಭಾಗದ ಹಂತದಲ್ಲಿ ಮೂವತ್ತು ನಿಮಿಷವೆಂದು ಬರೆದಿದ್ದರೆ, ಆ ವಿಭಾಗದಲ್ಲಿ ನಡೆಯುವುದು ಮೂವತ್ತು ನಿಮಿಷದ ನಿಯಮವೇ. ಆದರೆ ಮೇಲಿನ ಹಂತದ ಆಡಳಿತಗಾರನು ತನ್ನ ನಿಯಮವನ್ನು ಕಡ್ಡಾಯವೆಂದು ಗುರುತಿಸಿದ್ದರೆ ಕೆಳಗಿನ ಹಂತವು ಅದನ್ನು ಮೀರಲಾಗುವುದಿಲ್ಲ. ಕಡ್ಡಾಯವಲ್ಲದ ಮೇಲಿನ ನಿಯಮಗಳನ್ನು ತನ್ನೊಳಗೆ ಬರದಂತೆ ತಡೆಯುವ ಅಧಿಕಾರವನ್ನು ವಿಭಾಗಕ್ಕೂ ಕೊಡಲಾಗಿದೆ. ಇದಲ್ಲದೆ, ಇಂತಹ ಗುಂಪಿಗೆ ಸೇರಿದವರಿಗೆ ಮಾತ್ರ, ಇಂತಹ ಲಕ್ಷಣವುಳ್ಳ ಯಂತ್ರಗಳಿಗೆ ಮಾತ್ರ ಎಂದು ನಿಯಮವನ್ನು ಸೋಸುವ ವ್ಯವಸ್ಥೆಯೂ ಉಂಟು.

ಇಷ್ಟು ದ್ವಾರಗಳನ್ನು ದಾಟಿ ಬರುವ ನಿಯಮವು ಎಲ್ಲಿಯಾದರೂ ಒಂದು ಕಡೆ ನಿಂತುಹೋಗುವುದು ಆಶ್ಚರ್ಯವಲ್ಲ. ಯಂತ್ರವು ತಪ್ಪು ವಿಭಾಗದಲ್ಲಿ ದಾಖಲಾಗಿರಬಹುದು. ಜಾಲದ ಸಂಪರ್ಕ ಕಡಿದಿರಬಹುದು. ನಿಯಮವನ್ನೇ ತಪ್ಪು ಹಂತದಲ್ಲಿ ಬರೆದಿರಬಹುದು. ಇದಕ್ಕೆ ಗುಪ್ತಪದದ ನಿಯಮವೇ ಒಳ್ಳೆಯ ನಿದರ್ಶನ. ಕೇಂದ್ರ ದಾಖಲೆಯಲ್ಲಿರುವ ಬಳಕೆದಾರರಿಗೆ ಗ್ರೂಪ್ ಪಾಲಿಸಿಯ ಮೂಲಕ ಗುಪ್ತಪದದ ಉದ್ದವನ್ನು ಗೊತ್ತುಮಾಡಬೇಕಾದರೆ ಅದನ್ನು ಡೊಮೇನ್ ಹಂತದಲ್ಲಿಯೇ ವಿಧಿಸಬೇಕು. ಒಂದು ವಿಭಾಗದ ಹಂತದಲ್ಲಿ ವಿಧಿಸಿದರೆ, ಅದು ಆ ವಿಭಾಗದ ಯಂತ್ರಗಳಲ್ಲಿರುವ ಸ್ಥಳೀಯ ಖಾತೆಗಳಿಗೆ ಮಾತ್ರ ತಗಲುತ್ತದೆ. ಆಡಳಿತಗಾರನ ತೆರೆಯ ಮೇಲೆ ನಿಯಮವು ಸ್ಪಷ್ಟವಾಗಿ ಕಾಣುತ್ತಿರುತ್ತದೆ. ದೋಷದ ಸೂಚನೆಯಾಗಲಿ ಎಚ್ಚರಿಕೆಯ ಮಾತಾಗಲಿ ಬರುವುದಿಲ್ಲ. ಆದರೆ ಯಾರಿಗಾಗಿ ಬರೆಯಲಾಯಿತೋ ಅವರನ್ನು ಆ ನಿಯಮ ಮುಟ್ಟಿರುವುದೇ ಇಲ್ಲ. ಯಂತ್ರವು ಆಲಸ್ಯದಿಂದ ಆಜ್ಞೆಯನ್ನು ಮೀರುವುದಿಲ್ಲವೆಂಬುದು ನಿಜ. ಆದರೆ ಮನುಷ್ಯನು ಮನಸ್ಸಿನಲ್ಲಿ ಇಟ್ಟುಕೊಂಡ ಆಜ್ಞೆಗೂ ಯಂತ್ರದ ಕೈಗೆ ವಾಸ್ತವವಾಗಿ ಸೇರಿದ ಆಜ್ಞೆಗೂ ಅಂತರವಿರಬಹುದು. ಪರಿಶೀಲನೆ ಬೇಕಾಗುವುದು ಈ ಕಾರಣದಿಂದ.

ನಿಯಮವು ಎಲ್ಲಿ ನಡೆಯಬೇಕೋ ಅಲ್ಲಿಯೇ ಅದನ್ನು ನೋಡಬೇಕು. ಬರೆದಿಟ್ಟ ಸ್ಥಳದಲ್ಲಿ ನೋಡಿದರೆ ಪ್ರಯೋಜನವಿಲ್ಲ. ಇದಕ್ಕಾಗಿ ವಿಂಡೋಸ್ ವ್ಯವಸ್ಥೆಯಲ್ಲಿ ಜಿಪಿ-ರಿಸಲ್ಟ್ ಎಂಬ ಆದೇಶವಿದೆ. ಒಂದು ಯಂತ್ರದಲ್ಲಿ ಈ ಆದೇಶವನ್ನು ಕೊಟ್ಟರೆ, ಆ ಯಂತ್ರಕ್ಕೂ ಅದನ್ನು ಬಳಸುತ್ತಿರುವವನಿಗೂ ಯಾವ ಯಾವ ನಿಯಮಗಳು ಅನ್ವಯವಾಗಿವೆ, ಕೊನೆಯ ಬಾರಿ ಯಾವಾಗ ಅನ್ವಯವಾದವು, ಯಾವ ಕೇಂದ್ರಯಂತ್ರದಿಂದ ಬಂದವು ಎಂಬ ವಿವರಗಳು ದೊರೆಯುತ್ತವೆ. ಸೋಸುವಿಕೆಯಲ್ಲಿ ಹೊರಗುಳಿದ ನಿಯಮಗಳ ಪಟ್ಟಿಯೂ ಅದಕ್ಕೆ ಕಾರಣವೂ ಅದರಲ್ಲಿರುತ್ತವೆ. ರೋಗಿಯನ್ನು ನೋಡದೆ ಔಷಧದ ಚೀಟಿಯನ್ನಷ್ಟೇ ಓದುವ ವೈದ್ಯನಿಗೂ, ರೋಗಿಯ ನಾಡಿಯನ್ನು ಹಿಡಿದು ನೋಡುವ ವೈದ್ಯನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಒಂದು ಯಂತ್ರವನ್ನು ಹೀಗೆ ನೋಡುವುದು ಸುಲಭ. ಆದರೆ ಸಂಸ್ಥೆಯೊಂದರಲ್ಲಿ ನಾನೂರು ಯಂತ್ರಗಳಿವೆ ಎಂದು ಭಾವಿಸಬಹುದು. ಒಂದೊಂದರ ಮುಂದೆ ಕುಳಿತು, ಆದೇಶ ಕೊಟ್ಟು, ಉತ್ತರವನ್ನು ಓದಿ ಬರೆದುಕೊಳ್ಳಲು ಐದು ನಿಮಿಷ ಹಿಡಿದರೂ ಒಟ್ಟು ಎರಡು ಸಾವಿರ ನಿಮಿಷಗಳು ಬೇಕು. ದಿನಕ್ಕೆ ಎಂಟು ಗಂಟೆ ದುಡಿದರೂ ನಾಲ್ಕು ದಿನಗಳಿಗೆ ಮುಗಿಯದು. ಐದನೆಯ ದಿನ ಕೊನೆಯ ಯಂತ್ರವನ್ನು ನೋಡುವ ಹೊತ್ತಿಗೆ ಮೊದಲನೆಯ ಯಂತ್ರದ ಸ್ಥಿತಿ ಬದಲಾಗಿರಬಹುದು. ಮೇಲಾಗಿ, ಒಂದೇ ಕೆಲಸವನ್ನು ನಾನೂರು ಸಲ ಮಾಡುವ ಮನುಷ್ಯನ ಕಣ್ಣು ಎಲ್ಲಿಯಾದರೂ ಒಂದು ಕಡೆ ತಪ್ಪುವುದು ಖಂಡಿತ.

ಇಲ್ಲಿಯೇ ಸ್ಕ್ರಿಪ್ಟಿನ ಉಪಯೋಗ ತಿಳಿಯುತ್ತದೆ. ಗಣಕಯಂತ್ರವು ಒಂದಾದ ಮೇಲೊಂದರಂತೆ ನೆರವೇರಿಸಬೇಕಾದ ಆದೇಶಗಳನ್ನು ಕ್ರಮವಾಗಿ ಬರೆದಿಟ್ಟ ಕಡತವೇ ಸ್ಕ್ರಿಪ್ಟ್. ನಾಟಕದ ಪಾತ್ರಧಾರಿಯು ಬರೆದ ಮಾತುಗಳನ್ನು ಬರೆದ ಕ್ರಮದಲ್ಲಿಯೇ ಆಡುವಂತೆ, ಯಂತ್ರವು ಕಡತದ ಆದೇಶಗಳನ್ನು ಬರೆದ ಕ್ರಮದಲ್ಲಿಯೇ ನಡೆಸುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಇಂತಹ ಕಡತಗಳನ್ನು ಬರೆಯಲು 2006ರಲ್ಲಿ ಬಂದ ಪವರ್‌ಶೆಲ್ ಎಂಬ ಭಾಷೆಯು ವ್ಯಾಪಕವಾಗಿ ಬಳಕೆಯಲ್ಲಿದೆ.

ನಿಯಮಗಳನ್ನು ಪರಿಶೀಲಿಸುವ ಸ್ಕ್ರಿಪ್ಟಿನ ರಚನೆ ಬಹಳ ಸರಳವಾದುದು. ಅದು ಮೊದಲು ಎಲ್ಲ ಯಂತ್ರಗಳ ಹೆಸರುಗಳನ್ನು ಕೇಂದ್ರ ದಾಖಲೆಯಿಂದ ಓದಿಕೊಳ್ಳುತ್ತದೆ. ಅನಂತರ ಒಂದೊಂದು ಯಂತ್ರವನ್ನೂ ಜಾಲದ ಮೂಲಕ ಸಂಪರ್ಕಿಸಿ, ಅದಕ್ಕೆ ಅನ್ವಯವಾಗಿರುವ ನಿಯಮಗಳನ್ನು ಕೇಳುತ್ತದೆ. ಬಂದ ಉತ್ತರವನ್ನು, ಅಲ್ಲಿ ಇರಬೇಕಾದ ನಿಯಮಗಳ ಪಟ್ಟಿಯೊಡನೆ ಹೋಲಿಸುತ್ತದೆ. ಕೊನೆಗೆ ಯಂತ್ರದ ಹೆಸರು, ಪರೀಕ್ಷಿಸಿದ ವೇಳೆ, ಕಂಡುಬಂದ ಫಲ ಇವುಗಳನ್ನು ಒಂದು ಕೋಷ್ಟಕದಲ್ಲಿ ಬರೆಯುತ್ತದೆ. ಮನುಷ್ಯನು ನಾನೂರು ವರದಿಗಳನ್ನು ಓದಬೇಕಾಗಿಲ್ಲ. ವ್ಯತ್ಯಾಸವಿರುವ ಕೆಲವು ಸಾಲುಗಳನ್ನು ಮಾತ್ರ ಗಮನಿಸಿದರೆ ಸಾಕು. ಒಮ್ಮೆ ಬರೆದ ಕಡತವನ್ನು ಪ್ರತಿದಿನವೂ ಗೊತ್ತಾದ ವೇಳೆಗೆ ನಡೆಯುವಂತೆ ಏರ್ಪಡಿಸಬಹುದು. ನಿನ್ನೆಯ ಕೋಷ್ಟಕವನ್ನೂ ಇಂದಿನ ಕೋಷ್ಟಕವನ್ನೂ ಹೋಲಿಸಿದರೆ ಬದಲಾವಣೆಯು ಯಾವಾಗ ಆಯಿತೆಂಬುದೂ ತಿಳಿಯುತ್ತದೆ.

ಆದರೆ ಪರಿಶೀಲಿಸುವ ಸಾಧನವೂ ತಪ್ಪುದಾರಿಗೆ ಎಳೆಯಬಹುದು. ಆದುದರಿಂದ ಅದನ್ನು ಬರೆಯುವವನು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಮೊದಲನೆಯದಾಗಿ, ಉತ್ತರ ಕೊಡದ ಯಂತ್ರವನ್ನು ಸರಿಯಾಗಿರುವ ಯಂತ್ರಗಳ ಲೆಕ್ಕಕ್ಕೆ ಸೇರಿಸಬಾರದು. ಅದು ಆರಿಸಿಟ್ಟ ಯಂತ್ರವಾಗಿರಬಹುದು. ಜಾಲದಿಂದ ಹೊರಗುಳಿದು ತಿಂಗಳುಗಳಿಂದ ಯಾವ ನಿಯಮವನ್ನೂ ಪಡೆಯದ ಯಂತ್ರವೂ ಆಗಿರಬಹುದು. ತರಗತಿಯ ಹಾಜರಿ ತೆಗೆಯುವಾಗ ಓಗೊಡದ ಹೆಸರಿನ ಮುಂದೆ ಯಾರೂ ಹಾಜರೆಂದು ಬರೆಯುವುದಿಲ್ಲ. ಅಂತೆಯೇ ಕೋಷ್ಟಕದಲ್ಲಿ 'ಉತ್ತರವಿಲ್ಲ' ಎಂಬುದಕ್ಕೆ ಪ್ರತ್ಯೇಕ ಸ್ಥಾನವಿರಬೇಕು. ಎರಡನೆಯದಾಗಿ, ನೋಡುವ ಅಧಿಕಾರವಿಲ್ಲದೆ ನೋಡಿದರೆ ಇರುವುದೂ ಕಾಣುವುದಿಲ್ಲ. ಜಿಪಿ-ರಿಸಲ್ಟ್ ಆದೇಶವನ್ನು ಸಾಮಾನ್ಯ ಬಳಕೆದಾರನ ಅಧಿಕಾರದಿಂದ ಕೊಟ್ಟರೆ ಬಳಕೆದಾರನ ನಿಯಮಗಳು ಮಾತ್ರ ಕಾಣುತ್ತವೆ. ಯಂತ್ರದ ನಿಯಮಗಳು ಕಾಣಬೇಕಾದರೆ ಆಡಳಿತಗಾರನ ಅಧಿಕಾರ ಬೇಕು. ಇದನ್ನು ಅರಿಯದವನು, ಕಾಣದಿರುವ ನಿಯಮವು ಇಲ್ಲವೇ ಇಲ್ಲವೆಂದು ತೀರ್ಮಾನಿಸುವ ಅಪಾಯವಿದೆ. ಮೂರನೆಯದಾಗಿ, ನಿಯಮವು ತಲುಪಿದೆ ಎಂಬಲ್ಲಿಗೇ ನಿಲ್ಲದೆ, ಅದರ ಪರಿಣಾಮ ಉಂಟಾಗಿದೆಯೇ ಎಂಬುದನ್ನೂ ನೋಡಬೇಕು. ರಕ್ಷಣಾಗೋಡೆಯನ್ನು ತೆರೆದಿಡಬಾರದೆಂಬ ನಿಯಮವು ಪಟ್ಟಿಯಲ್ಲಿದ್ದರೆ, ಆ ಗೋಡೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಯಂತ್ರವನ್ನೇ ಕೇಳಬೇಕು. ನಾಲ್ಕನೆಯದಾಗಿ, ಪರಿಶೀಲಿಸುವ ಸ್ಕ್ರಿಪ್ಟ್ ನೋಡಬೇಕೇ ಹೊರತು ಯಾವುದನ್ನೂ ಬದಲಾಯಿಸಬಾರದು. ನೋಡುವಾಗಲೇ ತಿದ್ದಿಬಿಟ್ಟರೆ ಮೊದಲಿದ್ದ ಸ್ಥಿತಿ ಏನೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ಗುಪ್ತಪದವನ್ನು ಕಡತದೊಳಗೇ ಬರೆದಿಡುವುದೂ, ಅನುಮತಿಯಿಲ್ಲದೆ ಇತರರ ಯಂತ್ರಗಳನ್ನು ಪರೀಕ್ಷಿಸುವುದೂ ಸಲ್ಲದ ಕಾರ್ಯಗಳು.

ಬರೆದ ನಿಯಮವು ಬರೆದಂತೆಯೇ ಇದ್ದು, ನಡೆಯುವ ನಿಯಮ ಮಾತ್ರ ನಿಂತುಹೋದ ಪ್ರಸಂಗವೊಂದು 2016ರಲ್ಲಿ ನಡೆಯಿತು. ಅಲ್ಲಿಯವರೆಗೆ ಬಳಕೆದಾರನ ನಿಯಮಗಳನ್ನು ಯಂತ್ರವು ಆ ಬಳಕೆದಾರನ ಹೆಸರಿನಲ್ಲಿಯೇ ಕೇಂದ್ರದಿಂದ ಓದಿ ತರುತ್ತಿತ್ತು. ನಡುದಾರಿಯಲ್ಲಿ ಹೊಂಚುಹಾಕಿದವನು ಈ ಸಂವಹನದಲ್ಲಿ ಕೈಯಾಡಿಸುವ ಸಾಧ್ಯತೆ ಕಂಡುಬಂದುದರಿಂದ, ಆ ವರ್ಷದ ಜೂನ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಒಂದು ತಿದ್ದುಪಡಿಯನ್ನು ಹೊರಡಿಸಿತು. ಅಂದಿನಿಂದ ಬಳಕೆದಾರನ ನಿಯಮಗಳನ್ನೂ ಯಂತ್ರವು ತನ್ನ ಸ್ವಂತ ಹೆಸರಿನಲ್ಲಿಯೇ ಓದತೊಡಗಿತು. ತಿದ್ದುಪಡಿಯ ಉದ್ದೇಶ ಒಳ್ಳೆಯದೇ. ಆದರೆ ಅನೇಕ ಕಚೇರಿಗಳಲ್ಲಿ ಕೆಲವು ನಿಯಮಗಳನ್ನು ಓದುವ ಅನುಮತಿಯನ್ನು ಗೊತ್ತಾದ ಬಳಕೆದಾರರ ಗುಂಪಿಗೆ ಮಾತ್ರ ಕೊಡಲಾಗಿತ್ತು, ಯಂತ್ರಗಳಿಗೆ ಕೊಟ್ಟಿರಲಿಲ್ಲ. ಅಂತಹ ಕಡೆ ಯಂತ್ರವು ನಿಯಮವನ್ನು ಓದಲಾರದೆ ಹೋಯಿತು. ನಿಯಮದ ಅನ್ವಯ ನಿಂತಿತು. ನಿಯಮವನ್ನು ಯಾರೂ ಅಳಿಸಿರಲಿಲ್ಲ. ಅದರ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆಗ ನೆರವಿಗೆ ಬಂದದ್ದು ಸ್ಕ್ರಿಪ್ಟುಗಳೇ. ಡೊಮೇನಿನ ಎಲ್ಲ ನಿಯಮಗಳನ್ನೂ ಒಂದೊಂದಾಗಿ ತೆರೆದು, ಯಾವುದರಲ್ಲಿ ಓದುವ ಅನುಮತಿಯ ಕೊರತೆಯಿದೆ ಎಂದು ಪಟ್ಟಿಮಾಡುವ ಪವರ್‌ಶೆಲ್ ಕಡತಗಳು ಪ್ರಕಟವಾದವು. ಅನುಮತಿಯನ್ನು ಸೇರಿಸಿದ ಮೇಲೆ ನಿಯಮಗಳು ಮತ್ತೆ ನಡೆಯತೊಡಗಿದವು.

ಪರಿಶೀಲನೆಯ ಕೊರತೆಯಿಂದ ಎಂತಹ ಅನರ್ಥವಾಗಬಹುದೆಂಬುದನ್ನು ಮರುವರ್ಷ ಇಂಗ್ಲೆಂಡಿನಲ್ಲಿ ನಡೆದ ಘಟನೆ ತೋರಿಸಿತು. ವಿಂಡೋಸ್ ಯಂತ್ರಗಳಲ್ಲಿದ್ದ ಒಂದು ದೋಷವನ್ನು ಮುಚ್ಚುವ ತಿದ್ದುಪಡಿಯು 2017ರ ಮಾರ್ಚ್ 14ರಂದು ಪ್ರಕಟವಾಗಿತ್ತು. ಅದನ್ನು ಅಳವಡಿಸಿಕೊಳ್ಳಬೇಕೆಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಂಸ್ಥೆಗಳಿಗೆ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ತುರ್ತು ಎಚ್ಚರಿಕೆಗಳು ಹೋಗಿದ್ದವು. ಮೇ 12ರಂದು ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಅದೇ ದೋಷದ ಮೂಲಕ ಜಗತ್ತಿನಾದ್ಯಂತ ಹರಡಿತು. ಅದು ಹೊಕ್ಕ ಯಂತ್ರದ ಕಡತಗಳನ್ನು ಬೀಗಹಾಕಿ, ಬಿಡುಗಡೆಗಾಗಿ ಹಣ ಕೇಳುತ್ತಿತ್ತು. ಇಂಗ್ಲೆಂಡಿನ 236 ಆರೋಗ್ಯ ಸಂಸ್ಥೆಗಳ ಪೈಕಿ ಕನಿಷ್ಠ 80 ಸಂಸ್ಥೆಗಳ ಕೆಲಸಕ್ಕೆ ಧಕ್ಕೆಯಾಯಿತು. 595 ಕುಟುಂಬ ವೈದ್ಯರ ಚಿಕಿತ್ಸಾಲಯಗಳೂ ಸೋಂಕಿಗೆ ತುತ್ತಾದವು. ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು, ಕೆಲವೆಡೆ ತುರ್ತುಚಿಕಿತ್ಸೆಯ ರೋಗಿಗಳು ದೂರದ ಆಸ್ಪತ್ರೆಗಳಿಗೆ ಹೋಗಬೇಕಾಯಿತು. ರದ್ದಾದ ಚಿಕಿತ್ಸಾ ಭೇಟಿಗಳ ಸಂಖ್ಯೆ 19,000ಕ್ಕೂ ಹೆಚ್ಚೆಂದು ಅಂದಾಜು ಮಾಡಲಾಯಿತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು ಅದೇ ವರ್ಷದ ಅಕ್ಟೋಬರಿನಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಕೊಟ್ಟ ಎಚ್ಚರಿಕೆಯನ್ನು ಸ್ಥಳೀಯ ಸಂಸ್ಥೆಗಳು ಪಾಲಿಸಿವೆಯೇ ಎಂದು ತಿಳಿಯುವ ವಿಧಿವತ್ತಾದ ಏರ್ಪಾಡು ಮೇ 12ಕ್ಕೆ ಮೊದಲು ಆರೋಗ್ಯ ಇಲಾಖೆಯಲ್ಲಿ ಇರಲಿಲ್ಲವೆಂದು ಆ ವರದಿ ಎತ್ತಿ ತೋರಿಸಿತು. ಎಚ್ಚರಿಕೆ ಹೋಗಿತ್ತು, ಔಷಧವೂ ಸಿದ್ಧವಿತ್ತು. ಅದು ಎಷ್ಟು ಯಂತ್ರಗಳನ್ನು ತಲುಪಿದೆ ಎಂಬ ಲೆಕ್ಕ ಮಾತ್ರ ಇರಲಿಲ್ಲ.

ಈ ಎರಡು ಪ್ರಸಂಗಗಳಿಂದ ತಿಳಿಯುವುದು ಒಂದೇ ಮಾತು. ನಿಯಮದ ಬಲವು ಅದನ್ನು ಬರೆದ ಹಾಳೆಯಲ್ಲಿಲ್ಲ. ಅದು ನಡೆಯಬೇಕಾದ ಸ್ಥಳದಲ್ಲಿ ನಡೆಯುತ್ತಿದೆಯೆಂಬ ನಿಶ್ಚಯದಲ್ಲಿದೆ. ಸ್ಕ್ರಿಪ್ಟ್ ಆ ನಿಶ್ಚಯವನ್ನು ಪಡೆಯುವ ಉಪಕರಣ ಮಾತ್ರ. ಕೇಳಿದ್ದಕ್ಕೆ ಅದು ದಣಿಯದೆ ಉತ್ತರ ತರುತ್ತದೆ. ಆದರೆ ಏನನ್ನು ಕೇಳಬೇಕು, ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು, ಉತ್ತರ ಬಾರದಿದ್ದಾಗ ಏನು ಮಾಡಬೇಕು ಎಂಬುದನ್ನು ನಿರ್ಧರಿಸುವವನು ಮನುಷ್ಯನೇ. ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆಯೂ, ಕಾಣದ್ದನ್ನು ಕಂಡೆನೆಂದು ಹೇಳದ ಸಂಯಮವೂ ಅವನಲ್ಲಿರಬೇಕು. ಈ ಗುಣಗಳುಳ್ಳವನ ಕೈಯಲ್ಲಿ ಹತ್ತಾರು ಸಾಲುಗಳ ಚಿಕ್ಕ ಕಡತವೂ ಒಂದು ಸಂಸ್ಥೆಯನ್ನು ಕಾಯಬಲ್ಲದು.

ಶಬ್ದಾರ್ಥ

ಗುಪ್ತಪದ - ಗಣಕಯಂತ್ರವನ್ನು ಬಳಸುವವನು ತನ್ನನ್ನು ಗುರುತಿಸಿಕೊಳ್ಳಲು ಕೊಡುವ ರಹಸ್ಯ ಪದ
ಡೊಮೇನ್ - ಒಂದೇ ಕೇಂದ್ರ ದಾಖಲೆಗೆ ಒಳಪಟ್ಟ ಯಂತ್ರಗಳ ಮತ್ತು ಬಳಕೆದಾರರ ಆಡಳಿತ ಕ್ಷೇತ್ರ
ಅನಿಯತ - ಗೊತ್ತಾದ ಪ್ರಮಾಣವಿಲ್ಲದ
ಕೋಷ್ಟಕ - ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಪಟ್ಟಿ
ರಕ್ಷಣಾಗೋಡೆ - ಜಾಲದಿಂದ ಬರುವ ಅನಪೇಕ್ಷಿತ ಸಂಪರ್ಕಗಳನ್ನು ತಡೆಯುವ ವ್ಯವಸ್ಥೆ
ವಿಧಿವತ್ತಾದ - ಕ್ರಮಬದ್ಧವಾದ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸ್ಕ್ರಿಪ್ಟ್ ಎಂದರೇನು?
2. ಎರಡು ನಿಯಮಗಳು ಪರಸ್ಪರ ವಿರುದ್ಧವಾದಾಗ ಸಾಮಾನ್ಯವಾಗಿ ಯಾವುದು ಗೆಲ್ಲುತ್ತದೆ?
3. ತೊಂಬತ್ತು ನಿಮಿಷಗಳ ಅವಧಿಗೆ ಅನಿಯತ ವಿಳಂಬವನ್ನು ಸೇರಿಸಿರುವುದೇಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ನಿಯಮಗಳು ಯಂತ್ರವನ್ನು ತಲುಪುವ ನಾಲ್ಕು ಹಂತಗಳನ್ನು ವಿವರಿಸಿರಿ.
2. ಉತ್ತರ ಕೊಡದ ಯಂತ್ರವನ್ನು ಸರಿಯಾದ ಯಂತ್ರಗಳ ಲೆಕ್ಕಕ್ಕೆ ಏಕೆ ಸೇರಿಸಬಾರದು?
3. 2016ರ ತಿದ್ದುಪಡಿಯ ಅನಂತರ ಕೆಲವು ನಿಯಮಗಳು ನಿಂತುಹೋದುದಕ್ಕೆ ಕಾರಣವೇನು?

ಇ) ಸಂದರ್ಭ ಸಹಿತ ವಿವರಿಸಿರಿ.
1. "ನಿಯಮದ ಬಲವು ಅದನ್ನು ಬರೆದ ಹಾಳೆಯಲ್ಲಿಲ್ಲ."
2. "ನೋಡುವ ಅಧಿಕಾರವಿಲ್ಲದೆ ನೋಡಿದರೆ ಇರುವುದೂ ಕಾಣುವುದಿಲ್ಲ."

ಈ) ಚಟುವಟಿಕೆ.
ನಿಮ್ಮ ಶಾಲೆಯಲ್ಲಿ ಜಾರಿಯಲ್ಲಿರುವ ಮೂರು ನಿಯಮಗಳನ್ನು ಬರೆಯಿರಿ. ಅವು ಪಾಲನೆಯಾಗುತ್ತಿವೆಯೇ ಎಂದು ತಿಳಿಯಲು ಯಾವ ಕ್ರಮವನ್ನು ಅನುಸರಿಸಬಹುದೆಂದು ತರಗತಿಯಲ್ಲಿ ಚರ್ಚಿಸಿರಿ.